ಆನ್‌ಲೈನಿನಲ್ಲಿ ತರಿಸಿದ ಗೂಬೆ ಪೆಟ್ಟಿಗೆ: ಹಲಗೆ ಗಟ್ಟಿ, ಆಳ ಸಾಲದು

ಇಲಿಗಳ ಹಾವಳಿ ತಗ್ಗಿಸಲು ಕಣಜ ಗೂಬೆಗಳಿಗೆ ಗೂಡುಪೆಟ್ಟಿಗೆ ಇಡುವ ಪದ್ಧತಿ ಮಲೇಷ್ಯಾದ ತಾಳೆ ತೋಟಗಳಲ್ಲಿಯೂ ಇಸ್ರೇಲಿನ ಹೊಲಗಳಲ್ಲಿಯೂ ದಶಕಗಳಿಂದ ಇದೆ. ಅದೇ ಉದ್ದೇಶಕ್ಕೆ ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿ, ಮಂಡ್ಯ ಸೀಮೆಯ ನಮ್ಮ ಭತ್ತದ ಗದ್ದೆಯ ಬದುವಿನಲ್ಲಿ ನಿಲ್ಲಿಸಿರುವ ಪೆಟ್ಟಿಗೆಯನ್ನು ಕುರಿತ ಅಭಿಪ್ರಾಯ ಇದು.

ಹಲಗೆಯ ಬಗ್ಗೆ ದೂರಿಲ್ಲ. 12 ಮಿ.ಮೀ. ದಪ್ಪದ ಮರೈನ್ ಪ್ಲೈವುಡ್ಡಿನ ಮೇಲೆ ಐಎಸ್ 710 (ಈ ಬಗೆಯ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರೆಯಿದ್ದು, ಮಳೆಗಾಲ ಕಳೆದರೂ ಅಂಚು ಉಬ್ಬಿಲ್ಲ, ಪದರ ಬಿಟ್ಟಿಲ್ಲ. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂಡಿಎಫ್ ಹಲಗೆಯಾದರೆ ನೀರು ಕುಡಿದು ಊದಿಕೊಳ್ಳುತ್ತದೆ. ತಗಡಿನ ಪೆಟ್ಟಿಗೆಯಂತೂ ನಮ್ಮ ಏಪ್ರಿಲ್ ಬಿಸಿಲಿಗೆ ಒಲೆಯೇ ಸರಿ. ಬಣ್ಣವನ್ನು ಹೊರಮೈಗಷ್ಟೇ ಬಳಿದು ಒಳಗೆ ಬರಿಯ ಮರವನ್ನು ಉಳಿಸಿರುವುದೂ ಮೆಚ್ಚತಕ್ಕದ್ದು, ಏಕೆಂದರೆ ಈ ಗೂಬೆ ಹುಲ್ಲುಕಡ್ಡಿ ತಂದು ಗೂಡು ಕಟ್ಟದೆ, ತಾನು ಕಾರಿದ, ಜೀರ್ಣವಾಗದ ಮೂಳೆ-ಕೂದಲಿನ ಉಂಡೆಗಳು ಹರಡಿದ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ.

ನನ್ನ ಮುಖ್ಯ ಆಕ್ಷೇಪ ಆಳದ್ದು. ಕಿಂಡಿಯ ಕೆಳ ಅಂಚಿನಿಂದ ಪೆಟ್ಟಿಗೆಯ ತಳಕ್ಕೆ ಕನಿಷ್ಠ 45 ಸೆಂ.ಮೀ. ಇರಬೇಕೆಂದು ಕಣಜ ಗೂಬೆಗಳ ಸಂರಕ್ಷಣೆಗೆ ದುಡಿಯುವ ಇಂಗ್ಲೆಂಡಿನ ಬಾರ್ನ್ ಔಲ್ ಟ್ರಸ್ಟ್ ಹೇಳುತ್ತದೆ. ಇಲ್ಲಿ ಅದರ ಅರ್ಧವೂ ಇಲ್ಲ. ಆಳ ಕಡಿಮೆಯಾದರೆ ಹಾರಲು ಬಾರದ ಮರಿಗಳು ಕಿಂಡಿಗೆ ಬಂದು ಕೆಳಗೆ ಬೀಳುತ್ತವೆ, ಬಿದ್ದ ಮರಿಗೆ ತಾಯಿತಂದೆ ಉಣಿಸುವುದು ತೀರ ಅಪರೂಪ. ಪೆಟ್ಟಿಗೆಯ ಒಟ್ಟು ಎತ್ತರವೇ ಕಡಿಮೆಯಿರುವುದರಿಂದ ಕಿಂಡಿಯನ್ನು ಮೇಲಕ್ಕೆ ಸರಿಸಿ ಪಾರಾಗುವಂತೆಯೂ ಇರಲಿಲ್ಲ. ಬಡಗಿಯಿಂದ ತಳಕ್ಕೆ ಮತ್ತೊಂದು ಚೌಕಟ್ಟು ಕೂಡಿಸಬೇಕಾಯಿತು. ಕಿಂಡಿಯ ಮುಂದಿನ ಗೂಟವಂತೂ ಗುಬ್ಬಿಗೂಡಿನಿಂದ ಎರವಲು ತಂದ ಅಲಂಕಾರವಷ್ಟೆ.

ಅಳವಡಿಸಲು ಕೊಟ್ಟಿರುವ ಸಲಹೆ ಇನ್ನೂ ಕೆಟ್ಟದ್ದು. ತೆಂಗಿನ ಮರಕ್ಕೆ ಮೊಳೆ ಹೊಡೆಯಿರಿ ಎನ್ನುತ್ತದೆ ಸೂಚನಾಪತ್ರ. ತೆಂಗಿನ ಕಾಂಡದ ಗಾಯ ಮಾಯುವುದಿಲ್ಲ, ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ ಎಂಬುದು ತೆಂಗು ಬೆಳೆದ ಯಾರಿಗೂ ತಿಳಿದ ವಿಷಯ. ನಾವು ಜಿಐ ಪೈಪನ್ನು ಕಾಂಕ್ರೀಟಿನಲ್ಲಿ ಹೂತು, ಪೆಟ್ಟಿಗೆಯನ್ನು ನೆಲದಿಂದ ಮೂರು ಮೀಟರಿಗೂ ಮೇಲೆ ಯು-ಕ್ಲಾಂಪಿನಿಂದ ಬಿಗಿದು, ಹಾವು ಮತ್ತು ಪುನುಗು ಬೆಕ್ಕು ಹತ್ತದಂತೆ ಕಂಬಕ್ಕೆ ತಗಡು ಸುತ್ತಿದ್ದೇವೆ. ನೈಋತ್ಯದ ಮಳೆ ಒಳಗೆ ಎರಚದಿರಲೆಂದು ಕಿಂಡಿ ಪೂರ್ವಕ್ಕಿದೆ. ಪೆಟ್ಟಿಗೆಯ ಜೊತೆ ಬಂದ ಕಬ್ಬಿಣದ ಸ್ಕ್ರೂಗಳು ಆಗಲೇ ತುಕ್ಕು ಹಿಡಿದಿವೆ. ಸ್ಟೀಲಿನವನ್ನು ಹಾಕಿಕೊಳ್ಳುವುದು ಲೇಸು.

ಗೂಬೆ ಇನ್ನೂ ನೆಲೆಸಿಲ್ಲ, ಆದರೆ ಅದನ್ನು ಮಾರಿದವರ ತಪ್ಪೆನ್ನಲಾರೆ. ಹತ್ತಿರದಲ್ಲಿ ನುರಿತ ಬಡಗಿಯಿದ್ದರೆ ಮರೈನ್ ಪ್ಲೈವುಡ್ ಕೊಂಡು ಸರಿಯಾದ ಅಳತೆಯಲ್ಲಿ ಮಾಡಿಸುವುದೇ ಮೇಲು; ಇಲ್ಲವಾದರೆ ತಳವನ್ನು ಆಳಗೊಳಿಸುವ ಖರ್ಚನ್ನೂ ಸೇರಿಸಿ ಇದನ್ನು ಕೊಳ್ಳಬಹುದು. ಗದ್ದೆಗೆ ಬ್ರೊಮಾಡಿಯೊಲೋನ್‌ನಂಥ ಇಲಿಪಾಷಾಣ ಇಡುವವರು ಮಾತ್ರ ಯಾವ ಪೆಟ್ಟಿಗೆಯನ್ನೂ ತರಬಾರದು: ವಿಷ ತಿಂದ ಇಲಿಯನ್ನು ಹಿಡಿದು ತಿಂದರೆ ಗೂಬೆಯೂ ಸಾಯಬಹುದು.