ಪೊಕೊ ಎಫ್1: ಚಿಪ್ ದಣಿಯಲಿಲ್ಲ, ಅಪ್‌ಡೇಟ್ ನಿಂತಿತು

2018ರ ಆಗಸ್ಟ್ 22ರಂದು ದೆಹಲಿಯಲ್ಲಿ ಬಿಡುಗಡೆಯಾದ ಪೊಕೊ ಎಫ್1 ಬಗ್ಗೆ ಆಗ ಬಂದ ವಿಮರ್ಶೆಗಳು ಹೆಚ್ಚಾಗಿ ಬೆಲೆಯ ಮಾತನ್ನೇ ಆಡಿದ್ದವು. ಅದು ಸಹಜವೂ ಆಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ 34,999 ರೂಪಾಯಿಗೆ ಬಂದಿದ್ದ ಒನ್‌ಪ್ಲಸ್ 6ರಲ್ಲಿದ್ದ ಸ್ನ್ಯಾಪ್‌ಡ್ರ್ಯಾಗನ್ 845 ಪ್ರೊಸೆಸರನ್ನೇ ಶಿಯೋಮಿಯ ಈ ಹೊಸ ಬ್ರ್ಯಾಂಡ್ 20,999 ರೂಪಾಯಿಗೆ ಕೊಟ್ಟಿತ್ತು. ನಾನು ಈ ಫೋನನ್ನು ಕೆಲವು ವರ್ಷ ಮುಖ್ಯ ಫೋನಾಗಿ ಬಳಸಿದ್ದೇನೆ, ಈಗ ಎರಡನೆಯ ಫೋನಾಗಿ ಬಳಸುತ್ತಿದ್ದೇನೆ. ದುಬಾರಿ ಫೋನಿನ ಸವಲತ್ತನ್ನು ಮಧ್ಯಮ ಬೆಲೆಗೆ ಕೊಡುವಾಗ ಕಂಪನಿ ಎಲ್ಲಿ ಧಾರಾಳವಾಯಿತು, ಎಲ್ಲಿ ಕೈ ಬಿಗಿಹಿಡಿಯಿತು, ಕಾಲ ಕಳೆದಂತೆ ಆ ಲೆಕ್ಕ ಹೇಗೆ ಬದಲಾಯಿತು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಧಾರಾಳವಾದದ್ದು ಚಿಪ್‌ನಲ್ಲಿ. 10 ನ್ಯಾನೊಮೀಟರ್ ತಂತ್ರಜ್ಞಾನದ, 2.8 ಗಿಗಾಹರ್ಟ್ಸ್ ವೇಗದ ಈ ಪ್ರೊಸೆಸರಿನ ಜೊತೆಗೆ ಕನಿಷ್ಠ 6 ಜಿಬಿ ರ‍್ಯಾಮ್, ಕಡತಗಳನ್ನು ಬೇಗ ಓದಿ ಬರೆಯುವ ಯುಎಫ್ಎಸ್ 2.1 ಸಂಗ್ರಹ ಮತ್ತು ಶಾಖವನ್ನು ಹೊರಸಾಗಿಸುವ ದ್ರವ ತಂಪುಕಾರಿ ವ್ಯವಸ್ಥೆ ಇದ್ದವು. ಆಟ ಆಡುವವರು ಇದನ್ನು ಮೊದಲ ದಿನದಿಂದಲೇ ಕೊಂಡಾಡಿದರು. ನಾನು ಆಟ ಆಡುವವನಲ್ಲ. ನನಗೆ ಇದರ ಬಲ ಗೊತ್ತಾದದ್ದು ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್‌ಗಳಲ್ಲಿ. ಪ್ರತಿ ಪುಟವೂ ಒಂದು ದೊಡ್ಡ ಚಿತ್ರವಾಗಿರುವ ಇಂಥ ಕಡತಗಳಲ್ಲಿ ಬೆರಳನ್ನು ಜೋರಾಗಿ ಸರಿಸಿದರೆ ಎಷ್ಟೋ ಫೋನುಗಳು ಖಾಲಿ ಬಿಳಿ ಪುಟವನ್ನು ತೋರಿಸಿ, ಅಕ್ಷರ ಮೂಡಲು ಹೊತ್ತು ತೆಗೆದುಕೊಳ್ಳುತ್ತವೆ. ಎಫ್1ರಲ್ಲಿ ಪುಟ ನಿಂತ ಕೂಡಲೇ ಒತ್ತಕ್ಷರದ ಸಣ್ಣ ಕೊಂಬೂ ಸ್ಪಷ್ಟವಾಗಿ ಕಾಣುತ್ತದೆ. ಈಗಲೂ ಹಾಗೆಯೇ ಇದೆ. ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋಗಿ ಮರಳಿದಾಗ, ಮೊದಲಿನದು ಸಾಮಾನ್ಯವಾಗಿ ಬಿಟ್ಟ ಜಾಗದಲ್ಲಿಯೇ ಕಾದಿರುತ್ತದೆ.

ಕೈ ಬಿಗಿಹಿಡಿದದ್ದು ಕಣ್ಣಿಗೆ ಮೊದಲು ಬೀಳುವ ಜಾಗಗಳಲ್ಲಿ. ಹಿಂಬದಿ ಗಾಜಲ್ಲ, ಪಾಲಿಕಾರ್ಬೊನೇಟ್. 6.18 ಇಂಚಿನ ಪರದೆ ಅಮೊಲೆಡ್ ಅಲ್ಲ, ಎಲ್‌ಸಿಡಿ. ಅದರ ನೆತ್ತಿಯ ಮೇಲೆ ಅಗಲವಾದ ನಾಚ್, ಅಂದರೆ ಮುಂಬದಿ ಕ್ಯಾಮೆರಾಕ್ಕಾಗಿ ಪರದೆಯಲ್ಲಿ ಕತ್ತರಿಸಿದ ಜಾಗ. ಫೋನನ್ನು ಯಂತ್ರಕ್ಕೆ ತಾಗಿಸಿ ಹಣ ಕೊಡಲು ಬೇಕಾದ ಎನ್ಎಫ್‌ಸಿ ಇಲ್ಲ, ನೀರಿನಿಂದ ರಕ್ಷಣೆಯ ಅಧಿಕೃತ ರೇಟಿಂಗ್ ಇಲ್ಲ. ಎರಡು ಸಿಮ್ ಹಾಕಿದರೆ ಮೆಮೊರಿ ಕಾರ್ಡಿಗೆ ಜಾಗವಿಲ್ಲ. ಪಟ್ಟಿಯನ್ನು ಓದಿದರೆ ಉದ್ದವೆನಿಸುತ್ತದೆ, ಬಳಕೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಮರೆತೇ ಹೋಗುತ್ತವೆ. ಪ್ಲಾಸ್ಟಿಕ್ ಹಿಂಬದಿಯನ್ನಂತೂ ನಾನು ಕೊರತೆ ಎನ್ನುವುದೇ ಇಲ್ಲ; ಗಾಜಿನಂತೆ ಒಡೆಯದ ವಸ್ತುವಿಗೆ ‘ಅಗ್ಗ’ ಎಂಬ ಹೆಸರು ಅಂಟಿದ್ದು ಜಾಹೀರಾತುಗಳ ಕೃಪೆಯಿಂದ. ಇನ್ಫ್ರಾರೆಡ್ ಮುಖ ಗುರುತಿಸುವಿಕೆ ಮಾತ್ರ ಈ ಬೆಲೆಗೆ ಅಪರೂಪದ ಸವಲತ್ತಾಗಿತ್ತು. ರಾತ್ರಿ ಕರೆಂಟ್ ಹೋದಾಗ ಕತ್ತಲಲ್ಲಿ ಫೋನ್ ಎತ್ತಿಕೊಂಡರೆ ಸಾಕು, ಟಾರ್ಚಿಗಾಗಿ ಪಾಸ್‌ವರ್ಡ್ ತಡಕಾಡಬೇಕಾಗಿಲ್ಲ. ವೈಡ್‌ವೈನ್ ಎಲ್1 ಪ್ರಮಾಣೀಕರಣ ಇಲ್ಲದೆ ಫೋನ್ ಮಾರುಕಟ್ಟೆಗೆ ಬಂದದ್ದು, ಅಂದರೆ ಸಿನಿಮಾ ತೋರಿಸುವ ಕೆಲವು ಸೇವೆಗಳು ಎಚ್‌ಡಿ ಗುಣಮಟ್ಟವನ್ನೇ ಕೊಡದಿದ್ದದ್ದು, ನಿಜವಾದ ಲೋಪವಾಗಿತ್ತು. 2019ರಲ್ಲಿ ಅಪ್‌ಡೇಟ್ ಮೂಲಕ ಅದು ಸರಿಹೋಯಿತು.

ಕ್ಯಾಮೆರಾದ ವಿಷಯ ಸ್ವಲ್ಪ ಸ್ವಾರಸ್ಯಕರವಾಗಿದೆ. 12 ಮೆಗಾಪಿಕ್ಸೆಲ್‌ನ ಮುಖ್ಯ ಕ್ಯಾಮೆರಾದಲ್ಲಿ ಸೋನಿಯ ಐಎಂಎಕ್ಸ್363 ಸೆನ್ಸರ್ ಇದೆ; 2018ರ ಅಕ್ಟೋಬರ್‌ನಲ್ಲಿ 71,000 ರೂಪಾಯಿಗೆ ಬಂದ ಗೂಗಲ್ ಪಿಕ್ಸೆಲ್ 3ರಲ್ಲಿದ್ದದ್ದೂ ಅದೇ. ಆಸಕ್ತರು ಗೂಗಲ್ ಕ್ಯಾಮೆರಾ ಆ್ಯಪನ್ನು ಈ ಫೋನಿಗೆ ಒಗ್ಗಿಸಿಕೊಟ್ಟ ಮೇಲೆ, ಬಿಸಿಲಿಗೆ ಬೆನ್ನು ಮಾಡಿ ನಿಂತವರ ಮುಖವೂ ಹಿಂದಿನ ಆಕಾಶವೂ ಒಟ್ಟಿಗೆ ಸರಿಯಾಗಿ ಮೂಡತೊಡಗಿದವು. ಆದರೆ ಕೈ ಅಲುಗಿದರೂ ಚಿತ್ರ ಮಸುಕಾಗದಂತೆ ನೋಡಿಕೊಳ್ಳುವ, ಪಿಕ್ಸೆಲ್‌ನಲ್ಲಿದ್ದ ಓಐಎಸ್ ಇಲ್ಲಿಲ್ಲ. ಮಂದ ಬೆಳಕಿನಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿರಬೇಕಾಗುವಾಗ ಕೈಯ ನಡುಕವೆಲ್ಲ ಚಿತ್ರಕ್ಕೆ ಇಳಿಯುವುದು ಇಂಥ ಫೋನಿನಲ್ಲಿ ಅನಿವಾರ್ಯ. ಹಗಲಿನ ಚಿತ್ರಗಳು ಇಂದಿಗೂ ಮೆಚ್ಚುವಂತಿವೆ.

4,000 ಎಂಎಎಚ್ ಬ್ಯಾಟರಿ ಹೊಸದಿದ್ದಾಗ ದಿನವಿಡೀ ಆರಾಮವಾಗಿ ಬರುತ್ತಿತ್ತು. ಎಲ್ಲ ಲಿಥಿಯಂ ಬ್ಯಾಟರಿಗಳಂತೆ ಅದೂ ವರ್ಷಗಳಲ್ಲಿ ಸೊರಗಿತು, ಬದಲಾಯಿಸಿಕೊಂಡೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಲೆಕ್ಕ ತಪ್ಪಿದ್ದು ಬೇರೆಡೆ. ಆಂಡ್ರಾಯ್ಡ್ 8.1ರೊಂದಿಗೆ ಬಂದ ಈ ಫೋನಿಗೆ 9 ಮತ್ತು 10ನೆಯ ಆವೃತ್ತಿಗಳು ಅಧಿಕೃತವಾಗಿ ಸಿಕ್ಕವು, ಆಂಡ್ರಾಯ್ಡ್ ಮೇಲೆ ಶಿಯೋಮಿ ಹೊದಿಸುವ ತಂತ್ರಾಂಶವಾದ ಎಂಐಯುಐನ 12ನೆಯ ಆವೃತ್ತಿ ಕೂಡ ಬಂತು. ಆಂಡ್ರಾಯ್ಡ್ 11 ಬರಲೇ ಇಲ್ಲ. ಆಗಿನ ಮಧ್ಯಮ ಬೆಲೆಯ ಫೋನುಗಳಿಗೆ ಎರಡು ಆವೃತ್ತಿಗಳೆಂದರೆ ಕಡಿಮೆಯೇನಲ್ಲ. ಆದರೆ ಇದರ ಪ್ರೊಸೆಸರ್ ಮಧ್ಯಮ ಬೆಲೆಯದ್ದಾಗಿರಲಿಲ್ಲ ಎಂಬುದೇ ತೊಡಕು: ಕೆಲಸ ಮಾಡುವ ಶಕ್ತಿ ಇನ್ನೂ ಧಾರಾಳವಾಗಿ ಉಳಿದಿರುವಾಗಲೇ ಫೋನ್ ನಿವೃತ್ತಿಯ ಅಂಚಿಗೆ ಬಂತು. ಭದ್ರತಾ ಪರಿಷ್ಕರಣೆ ನಿಂತ ಫೋನಿನಲ್ಲಿ ಹಣದ ವ್ಯವಹಾರ ಮಾಡುವುದು ನನಗೆ ಸರಿ ಕಾಣಲಿಲ್ಲ. ಫೋನನ್ನು ಶುರುಮಾಡುವ ತಂತ್ರಾಂಶವಾದ ಬೂಟ್‌ಲೋಡರ್‌ನ ಬೀಗ ಬಿಡಿಸಿ, ಸ್ವಯಂಸೇವಕರು ಸಿದ್ಧಪಡಿಸುವ ಲೀನಿಯೇಜ್ ಓಎಸ್ ಹಾಕಿಕೊಂಡರೆ ಹೊಸ ಆಂಡ್ರಾಯ್ಡ್ ಸಿಗುತ್ತದೆ, ಫೋನ್ ಹಗುರವಾಗಿಯೂ ಓಡುತ್ತದೆ. ಆದರೆ ಬೂಟ್‌ಲೋಡರ್ ಬಿಡಿಸಿದ ಫೋನುಗಳಲ್ಲಿ ತೆರೆದುಕೊಳ್ಳಲು ಅನೇಕ ಬ್ಯಾಂಕ್ ಆ್ಯಪ್‌ಗಳು ಒಪ್ಪುವುದಿಲ್ಲ. ಹೋಲಿಸಿದರೆ, 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ ಶುರುವಾದ 5ಜಿ ಇದರಲ್ಲಿ ಇಲ್ಲದಿರುವುದು ನನಗೆ ಅಷ್ಟಾಗಿ ಬಾಧಿಸಿಲ್ಲ. ನಕ್ಷೆ ನೋಡಲು, ಹಾಡು ಕೇಳಲು, ಕರೆ ಮಾಡಲು 4ಜಿ ಸಾಕು.

ಇದೇ ಕಾರಣಕ್ಕೆ ಈಗ ಯಾರಾದರೂ ಮಧ್ಯಮ ಬೆಲೆಯ ಫೋನ್ ಬಗ್ಗೆ ಕೇಳಿದರೆ ನಾನು ಚಿಪ್‌ಗಿಂತ ಮೊದಲು ಅಪ್‌ಡೇಟ್ ಭರವಸೆಯನ್ನು ನೋಡಲು ಹೇಳುತ್ತೇನೆ. 2024ರ ಪಿಕ್ಸೆಲ್ 8ಎಗೆ ಏಳು ವರ್ಷ, 2025ರ ಗ್ಯಾಲಕ್ಸಿ ಎ56ಗೆ ಆರು ವರ್ಷದ ಭರವಸೆಯನ್ನು ಕಂಪನಿಗಳು ಕೊಟ್ಟಿವೆ. ಆ ಮಾತು ಉಳಿದರೆ ಅವುಗಳಲ್ಲಿ ಮೊದಲು ದಣಿಯುವುದು ಚಿಪ್ಪೋ ಬ್ಯಾಟರಿಯೋ ಆದೀತು. ಎಫ್1 ಈಗಾಗಲೇ ಕೈಯಲ್ಲಿರುವವರು ಬ್ಯಾಟರಿ ಬದಲಾಯಿಸಿ, ಯುಪಿಐ ತೆಗೆದುಹಾಕಿ, ಓದಿಗೂ ಸಂಗೀತಕ್ಕೂ ಇಟ್ಟುಕೊಳ್ಳಬಹುದು, 3.5 ಮಿ.ಮೀ. ಹೆಡ್‌ಫೋನ್ ಕಿಂಡಿ ಇರುವುದರಿಂದ ಹಳೆಯ ವೈರಿನ ಇಯರ್‌ಫೋನ್‌ಗಳೂ ಉಪಯೋಗಕ್ಕೆ ಬರುತ್ತವೆ. ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳಲು ಹೊರಟವರಿಗೆ ಮಾತ್ರ, ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ, ಬೇಡ ಎನ್ನುತ್ತೇನೆ.