ಕೈಗಾ ಪಕ್ಕದ ಮನೆಗೆ ಅಂತ ತರಿಸಿದ ವಿಕಿರಣ ಮೀಟರ್: 5ಕ್ಕೆ 3

ನನ್ನ ಚಿಕ್ಕಮ್ಮನ ಮನೆ ಕಾರವಾರ ತಾಲ್ಲೂಕಿನ ಮಲ್ಲಾಪುರದಲ್ಲಿದೆ. ಕೈಗಾ ಅಣು ವಿದ್ಯುತ್ ಸ್ಥಾವರದವರ ಕಾಲೋನಿ ಇರುವ ಊರು. ಪೇಪರಿನಲ್ಲಿ ಸ್ಥಾವರದ ಸುದ್ದಿ ಬಂದಾಗಲೆಲ್ಲ "ನಮಗೇನೂ ಆಗಲ್ಲ ಅಲ್ವಾ?" ಅಂತ ಫೋನ್ ಮಾಡುತ್ತಾರೆ. ಅವರಿಗೆ ಧೈರ್ಯ ಬರಲಿ ಅಂತ ಆನ್‌ಲೈನಿನಲ್ಲಿ ಒಂಬತ್ತು ಸಾವಿರ ಕೊಟ್ಟು ಜೇಬಿನಲ್ಲಿಡುವ ಮೀಟರ್ ತರಿಸಿದೆ. ಒಳಗೆ ಗೈಗರ್ ಟ್ಯೂಬ್, ಅಂದರೆ ವಿಕಿರಣ ಒಳಹೊಕ್ಕಾಗ ಎಣಿಸುವ ಕೊಳವೆ, ಇರುವಂಥದ್ದು. ಎರಡು ತಿಂಗಳು ಬಳಸಿದ್ದೇನೆ.

ವಸ್ತು ಚೆನ್ನಾಗಿದೆ. ಮನೆಯೊಳಗೆ ಗಂಟೆಗೆ 0.12ರಿಂದ 0.18 ಮೈಕ್ರೋಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ತೋರಿಸುತ್ತದೆ, ಎಲ್ಲ ಕಡೆ ಇರುವ ಸಹಜ ಮಟ್ಟ ಅದು. ಅಟ್ಟದ ಮೇಲೆ ಹಳೆಯ ಪೆಟ್ರೋಮ್ಯಾಕ್ಸ್ ಮ್ಯಾಂಟಲ್ ಸಿಕ್ಕಿತು, ಅದರಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದಲ್ಲ, ಹತ್ತಿರ ಹಿಡಿದ ಕೂಡಲೇ ಟಕ ಟಕ ಟಕ ಅಂತ ಶುರುವಾಗಿ 1 ದಾಟಿತು. ಒಂದು ಮೊಳ ಹಿಂದೆ ಸರಿಸಿದರೆ ಮತ್ತೆ ಮೌನ. ಚಿಕ್ಕಮ್ಮ ಬೆರಗಾಗಿ ನಾಲ್ಕು ಸಲ ಹಿಡಿದು ನೋಡಿದರು. ಬ್ಯಾಟರಿಯೂ ತುಂಬಾ ದಿನ ಬರುತ್ತದೆ.

ಆದರೆ ಮಾರುವವರು "ಎಲ್ಲ ಬಗೆಯ ವಿಕಿರಣ ಹಿಡಿಯುತ್ತದೆ" ಅಂತ ಬರೆದಿದ್ದಾರೆ. ಅದು ತಪ್ಪು. ನಮ್ಮ ಕಡೆಯವರಿಗೆ ಅದೇ ಮುಖ್ಯವಾದ ತಪ್ಪು.

2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಒಳಗಿನ ಯಾರೋ ಟ್ರಿಟಿಯಂ (ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್) ಇದ್ದ ಭಾರಜಲವನ್ನು (ರಿಯಾಕ್ಟರಿನಲ್ಲಿ ಬಳಸುವ ವಿಶೇಷ ನೀರು) ಕುಡಿಯುವ ನೀರಿನ ಕೂಲರ್‌ಗೆ ಸೇರಿಸಿದ್ದರು, ಹಲವಾರು ಕೆಲಸಗಾರರು ಅದೇ ನೀರು ಕುಡಿದರು. ಯಾವ ಮೀಟರೂ ಸದ್ದು ಮಾಡಲಿಲ್ಲ. ಗೊತ್ತಾಗಿದ್ದು ಮೂತ್ರ ಪರೀಕ್ಷೆಯಿಂದ. ಟ್ರಿಟಿಯಂನಿಂದ ಹೊರಡುವ ಬೀಟಾ ಕಣ ಎಷ್ಟು ಬಡಪಾಯಿ ಅಂದರೆ ಗಾಳಿಯಲ್ಲಿ ಅರ್ಧ ಸೆಂಟಿಮೀಟರ್ ಚಿಲ್ಲರೆ ಹೋಗಿ ನಿಲ್ಲುತ್ತದೆ, ಚರ್ಮವನ್ನೂ ದಾಟುವುದಿಲ್ಲ, ಇನ್ನು ಟ್ಯೂಬಿನ ಗೋಡೆ ಎಲ್ಲಿಂದ ದಾಟೀತು? ಮೈಯೊಳಗೆ ಹೋದರೆ ಮಾತ್ರ ತೊಂದರೆ, ಕುಡಿದರೂ ಸರಿ, ಆವಿಯಾಗಿ ಉಸಿರಿನಲ್ಲಿ ಹೋದರೂ ಸರಿ. ಮೈಗೆ ತಾಗಿದ ವಿಕಿರಣ ಅಳೆಯಲು ಕೆಲಸಗಾರರು ಎದೆಗೆ ಹಾಕುವ ಟಿಎಲ್‌ಡಿ ಬ್ಯಾಡ್ಜಿಗೂ ಅದು ಸಿಕ್ಕುವುದಿಲ್ಲ. ಅದಕ್ಕೇ ಭಾರಜಲದ ಸ್ಥಾವರಗಳಲ್ಲಿ ಆಗಾಗ ಮೂತ್ರದ ಸ್ಯಾಂಪಲ್ ಕೊಡಬೇಕೆಂಬ ನಿಯಮ. ಕೇಳಲು ಮುಜುಗರ ಅನಿಸಬಹುದು, ಆದರೆ ಅವತ್ತು ಜನರನ್ನು ಕಾಪಾಡಿದ್ದು ಆ ನಿಯಮವೇ. ಟ್ರಿಟಿಯಂ ಮೈಯಲ್ಲಿ ಸುಮಾರು ಹತ್ತು ದಿನಕ್ಕೆ ಅರ್ಧಕ್ಕೆ ಇಳಿಯುತ್ತದೆ, ನೀರು ಜಾಸ್ತಿ ಕುಡಿದರೆ ಇನ್ನೂ ಬೇಗ. ಬೇಗ ಪತ್ತೆಯಾದಷ್ಟೂ ಒಳ್ಳೆಯದು.

 

ಹಾಗಾಗಿ ಮಕ್ಕಳಿಗೆ ವಿಜ್ಞಾನ ತೋರಿಸಲು, ಗ್ರಾನೈಟ್ ಕಟ್ಟೆ, ಹಳೆಯ ಮ್ಯಾಂಟಲ್ ನೋಡಲು ಧಾರಾಳವಾಗಿ ತಗೊಳ್ಳಿ. ಸ್ಥಾವರದ ಪಕ್ಕ ಹರಿಯುವ ಕಾಳಿ ನದಿಯ ನೀರು ಸರಿಯಿದೆಯಾ ಅಂತ ನೋಡಲು ಸುಮ್ನೆ ದುಡ್ಡು ಹಾಕಬೇಡಿ. ನೀರು, ಹಾಲು, ಮೀನಿನ ಪರೀಕ್ಷೆಗೆ ಕೈಗಾದಲ್ಲಿ ಪರಿಸರ ಸಮೀಕ್ಷೆಯ ಲ್ಯಾಬ್ ಇದೆ. ಆ ಅಂಕಿಗಳು ತಿಂಗಳಿಗೊಮ್ಮೆ ಕನ್ನಡದಲ್ಲಿ ಪಂಚಾಯಿತಿ ಬೋರ್ಡಿನ ಮೇಲೆ ಬರಲಿ ಎಂಬುದು ಈಗ ಚಿಕ್ಕಮ್ಮನ ಬೇಡಿಕೆ. ಅರ್ಜಿ ನಾನು ಬರೆದುಕೊಡುತ್ತಿದ್ದೇನೆ.