ಒಂದು ಗುಂಡೂ ಹಾರದ ಕೊನೆ: ‘ದಿ ಅಮೆರಿಕನ್ಸ್’

‘ದಿ ಅಮೆರಿಕನ್ಸ್’ ಸರಣಿಯನ್ನು ನಾನು ಮತ್ತು ಅಣ್ಣ ಒಟ್ಟಿಗೆ ನೋಡಿದೆವು. ಒಟ್ಟಿಗೆ ಅಂದರೆ, ಅವನು ಅವನ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ಫೋನನ್ನು ಸ್ಪೀಕರಿಗೆ ಹಾಕಿ, ಒಂದು ಎರಡು ಮೂರು ಎಂದು ಎಣಿಸಿ, ಇಬ್ಬರೂ ಒಮ್ಮೆಗೇ ಪ್ಲೇ ಒತ್ತುತ್ತಿದ್ದೆವು. ವಾರಕ್ಕೆ ಮೂರು ಕಂತು. 75 ಕಂತು ಮುಗಿಯಲು ಸುಮಾರು ಆರು ತಿಂಗಳು ಹಿಡಿಯಿತು. ಕೊನೆಯ ಕಂತು ಮುಗಿದ ರಾತ್ರಿ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಹಾಗಂತ ಫೋನನ್ನೂ ಇಡಲಿಲ್ಲ. ಕೊನೆಗೆ ಅಣ್ಣ ಕೇಳಿದ, ‘ಸ್ಟ್ಯಾನ್ ಯಾಕೆ ಅವರನ್ನು ಹಿಡಿಯದೆ ಬಿಟ್ಟುಬಿಟ್ಟ?’

ಆ ಪ್ರಶ್ನೆ ನಮ್ಮಿಬ್ಬರ ನಡುವೆ ಇನ್ನೂ ಮುಗಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೊನೆಯಲ್ಲಿ ಏನಾಗುತ್ತದೆ ಎಂಬುದನ್ನೆಲ್ಲ ಇಲ್ಲಿ ಹೇಳಿದ್ದೇನೆ. ಇನ್ನೂ ನೋಡದವರು ದಯವಿಟ್ಟು ಮೊದಲು ಸರಣಿ ನೋಡಿ ಬನ್ನಿ.

ನೋಡಿ ತುಂಬಾ ದಿನ ಆದವರಿಗೆ ಸ್ವಲ್ಪ ನೆನಪು ಮಾಡುತ್ತೇನೆ. 1980ರ ದಶಕ, ವಾಷಿಂಗ್ಟನ್ ಪಕ್ಕದ ಒಂದು ಬಡಾವಣೆ. ಫಿಲಿಪ್ ಮತ್ತು ಎಲಿಜಬೆತ್ ಜೆನ್ನಿಂಗ್ಸ್ ಟ್ರಾವೆಲ್ ಏಜೆನ್ಸಿ ನಡೆಸುವ ಗಂಡ ಹೆಂಡತಿ. ನಿಜದಲ್ಲಿ ಇಬ್ಬರೂ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಗೂಢಚಾರರು. ಮಕ್ಕಳು ಪೇಜ್ ಮತ್ತು ಹೆನ್ರಿ ಹುಟ್ಟಿನಿಂದಲೇ ಅಮೆರಿಕನ್ನರು. ಎದುರು ಮನೆಗೆ ಬಂದು ಸೇರುವ ಸ್ಟ್ಯಾನ್ ಬೀಮನ್ ಎಫ್‌ಬಿಐನಲ್ಲಿ ಇಂಥ ಗೂಢಚಾರರನ್ನೇ ಹುಡುಕುವ ಅಧಿಕಾರಿ. ಇದನ್ನು ಹುಟ್ಟುಹಾಕಿದ ಜೋ ವೈಸ್‌ಬರ್ಗ್ ಸ್ವತಃ ಸಿಐಎಯಲ್ಲಿ ಕೆಲಸ ಮಾಡಿದ್ದವರು. 2010ರಲ್ಲಿ ಅಮೆರಿಕದಲ್ಲಿ ಸಾಮಾನ್ಯ ಜನರಂತೆ ಬದುಕುತ್ತಿದ್ದ ರಷ್ಯಾದ ಗೂಢಚಾರರು ಸಿಕ್ಕಿಬಿದ್ದರಲ್ಲ, ಆ ಸುದ್ದಿಯಿಂದ ಕಥೆ ಹುಟ್ಟಿತು. ಎಫ್‌ಎಕ್ಸ್ ಚಾನೆಲ್‌ನಲ್ಲಿ 2013ರ ಜನವರಿಯಲ್ಲಿ ಶುರುವಾಗಿ 2018ರ ಮೇ 30ಕ್ಕೆ ಮುಗಿಯಿತು. ಕೊನೆಯ ಕಂತಿನ ಬರವಣಿಗೆಗೆ ವೈಸ್‌ಬರ್ಗ್ ಮತ್ತು ಜೋಯೆಲ್ ಫೀಲ್ಡ್ಸ್ ಅವರಿಗೆ ಎಮ್ಮಿ ಪ್ರಶಸ್ತಿ ಬಂತು. ಫಿಲಿಪ್ ಪಾತ್ರದ ಮ್ಯಾಥ್ಯೂ ರೀಸ್‌ಗೂ ಅದೇ ವರ್ಷ ಬಂತು.

ಇಂಥ ಕಥೆ ಹೇಗೆ ಮುಗಿಯಬಹುದು ಅಂತ ನಾವು ತಿಂಗಳುಗಟ್ಟಲೆ ಲೆಕ್ಕ ಹಾಕಿದ್ದೆವು. ಎಲಿಜಬೆತ್ ವಿಷದ ಮಾತ್ರೆ ನುಂಗುತ್ತಾಳೆ ಅಂದ ಅಣ್ಣ. ಕೊನೆಯ ಸೀಸನ್ನಿನಲ್ಲಿ ಅವಳ ಕೊರಳ ಸರದಲ್ಲೇ ಅದು ಇತ್ತು. ಫಿಲಿಪ್ ಗುಂಡು ತಿಂದು ಸಾಯುತ್ತಾನೆ ಅಂತ ನಾನು ಅಂದುಕೊಂಡಿದ್ದೆ. ಕೊನೆಯ ಕಂತಿನಲ್ಲಿ ಯಾರೂ ಸಾಯುವುದಿಲ್ಲ. ಆದರೂ ಇಡೀ ಸರಣಿಯಲ್ಲಿ ನಾನು ಅತ್ತಿದ್ದು ಆವತ್ತೇ.

ಗ್ಯಾರೇಜಿನ ದೃಶ್ಯ ಮೊದಲು. ಗುಟ್ಟು ಬಯಲಾಗಿದೆ. ಪೇಜ್‌ಳನ್ನು ಕರೆದುಕೊಂಡು ಹೋಗಲು ಅಪ್ಪ ಅಮ್ಮ ಅವಳ ಅಪಾರ್ಟ್‌ಮೆಂಟಿಗೆ ಬರುತ್ತಾರೆ. ಮೂವರೂ ಕೆಳಗಿನ ಗ್ಯಾರೇಜಿನಲ್ಲಿ ಕಾರು ಹತ್ತಬೇಕು ಅನ್ನುವಷ್ಟರಲ್ಲಿ ಸ್ಟ್ಯಾನ್ ಎದುರಾಗುತ್ತಾನೆ. ಹತ್ತು ನಿಮಿಷದ ಆಸುಪಾಸು ಬರೀ ಮಾತು. ನಾಲ್ಕು ಜನ ನಿಂತಿರುತ್ತಾರೆ, ಒಬ್ಬನ ಕೈಯಲ್ಲಿ ಪಿಸ್ತೂಲು. ಮೊದಲು ಫಿಲಿಪ್ ಏನೂ ಗೊತ್ತಿಲ್ಲದವನ ಹಾಗೆ ಶುರು ಮಾಡುತ್ತಾನೆ. ಆಮೇಲೆ ಅವನ ಮುಖದಿಂದ ನಾಟಕ ಇಳಿದುಹೋಗುತ್ತದೆ. ದನಿಯೇ ಬದಲಾಗುತ್ತದೆ. ತನ್ನ ಬದುಕಿನಲ್ಲಿ ಇದ್ದ ಗೆಳೆಯ ನೀನೊಬ್ಬನೇ ಎಂದು ಸ್ಟ್ಯಾನ್‌ಗೆ ಹೇಳುತ್ತಾನೆ. ಅದು ಸುಳ್ಳಲ್ಲ ಅಂತ ನಮಗೆ ಗೊತ್ತು. ಅದರ ಜೊತೆಗೇ, ತಾವು ಮಾಡಿದ ಕೊಲೆಗಳ ಮಾತು ಬಂದಾಗ ಗಂಡ ಹೆಂಡತಿ ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಮಾತಾಡುತ್ತಾರೆ. ಅದು ಶುದ್ಧ ಸುಳ್ಳು. ಪಕ್ಕದಲ್ಲಿ ಮಗಳು ಕೇಳಿಸಿಕೊಳ್ಳುತ್ತಿದ್ದಾಳೆ. ಒಂದೇ ಉಸಿರಿನಲ್ಲಿ ನಿಜವೂ ಸುಳ್ಳೂ ಹೀಗೆ ಬೆರೆತು ಬಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನೊಂದು ವಿಷಯ ಎರಡನೇ ಸಲ ನೋಡುವಾಗಲೇ ನನಗೆ ಹೊಳೆದದ್ದು. ಮೊಟ್ಟಮೊದಲ ಕಂತಿನ ಕೊನೆ ನೆನಪಿದೆಯಾ? ಹೊಸದಾಗಿ ಬಂದ ಸ್ಟ್ಯಾನ್ ಅನುಮಾನದಿಂದ ಜೆನ್ನಿಂಗ್ಸ್ ಮನೆಯ ಗ್ಯಾರೇಜಿಗೆ ಕದ್ದು ನುಗ್ಗಿ ಕಾರಿನ ಡಿಕ್ಕಿ ತೆಗೆದು ನೋಡುತ್ತಾನೆ. ಒಳಗೆ ಏನೂ ಇಲ್ಲ. ಕತ್ತಲಲ್ಲಿ ಫಿಲಿಪ್ ಪಿಸ್ತೂಲು ಹಿಡಿದು ನಿಂತಿರುತ್ತಾನೆ. ಆವತ್ತು ಫಿಲಿಪ್ ಸ್ಟ್ಯಾನ್‌ನನ್ನು ಹೋಗಲು ಬಿಟ್ಟ. ಅದು ಸ್ಟ್ಯಾನ್‌ಗೆ ಎಂದೂ ಗೊತ್ತಾಗುವುದಿಲ್ಲ. ಆರು ಸೀಸನ್ ಆದಮೇಲೆ ಇನ್ನೊಂದು ಗ್ಯಾರೇಜಿನಲ್ಲಿ ಪಿಸ್ತೂಲು ಸ್ಟ್ಯಾನ್ ಕೈಯಲ್ಲಿದೆ. ಇದನ್ನು ಅಣ್ಣನಿಗೆ ಹೇಳಿದಾಗ ಅವನು ಆ ಕ್ಷಣವೇ ಮೊದಲ ಕಂತು ತೆಗೆದು ನೋಡಿದ.

ಆದರೂ ಸ್ಟ್ಯಾನ್ ಬಿಟ್ಟದ್ದು ಸ್ನೇಹಕ್ಕೆ ಎಂಬ ನನ್ನ ಮಾತನ್ನು ಅವನು ಒಪ್ಪಲಿಲ್ಲ. ಅವನ ವಾದವೇ ಬೇರೆ. ಸೋವಿಯತ್ ನಾಯಕ ಗೋರ್ಬಚೇವ್ ವಿರುದ್ಧ ಕೆಜಿಬಿಯೊಳಗೇ ಒಂದು ಸಂಚು ನಡೆದಿದೆ, ಅದನ್ನು ತಮ್ಮ ದೇಶಕ್ಕೆ ಹೋಗಿ ಹೇಳಬೇಕು ಎಂದು ಫಿಲಿಪ್ ಹೇಳುತ್ತಾನಲ್ಲ, ಸ್ಟ್ಯಾನ್ ಬಿಟ್ಟದ್ದು ಅದಕ್ಕೆ ಅನ್ನುತ್ತಾನೆ. ಕಥೆ ನಡೆಯುವುದು 1987ರ ಕೊನೆಯಲ್ಲಿ, ಅಮೆರಿಕದ ಅಧ್ಯಕ್ಷ ರೇಗನ್ ಮತ್ತು ಗೋರ್ಬಚೇವ್ ವಾಷಿಂಗ್ಟನ್ನಿನಲ್ಲಿ ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕಿದ ದಿನಗಳಲ್ಲಿ. ಹಾಗಾಗಿ ಅಣ್ಣನ ಮಾತು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಆದರೆ ಸ್ಟ್ಯಾನ್ ಪಾತ್ರದ ನೋಆ ಎಮ್ಮೆರಿಕ್ ಮುಖ ನೋಡಿ. ಅಲ್ಲಿ ಲೆಕ್ಕಾಚಾರ ಇಲ್ಲ. ಗುಂಡು ಹಾರಿಸಲು ಆಗುವುದಿಲ್ಲ ಎಂದು ಅವನಿಗೆ ಗೊತ್ತಾಗಿಬಿಟ್ಟಿದೆ, ಮತ್ತು ಹಾಗೆ ಗೊತ್ತಾದದ್ದೇ ಅವನಿಗೆ ಹೆಚ್ಚು ನೋವು. ಅವನು ಹೋಗಿ ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಪಕ್ಕಕ್ಕೆ ಸರಿಯುತ್ತಾನೆ, ಅಷ್ಟೇ.

ಆಮೇಲೆ ರೈಲು. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಶಾಲೆಯ ಹಾಸ್ಟೆಲಿನಲ್ಲಿರುವ ಹೆನ್ರಿಯನ್ನು ಬಿಟ್ಟುಹೋಗುವುದು ಅಂತ ಅಪ್ಪ ಅಮ್ಮ ಮೊದಲೇ ನಿರ್ಧರಿಸಿದ್ದಾರೆ. ರಸ್ತೆ ಬದಿಯ ಫೋನಿನಿಂದ ಅವನ ಜೊತೆ ಮಾತಾಡುತ್ತಾರೆ. ಅವನಿಗೆ ಇದು ಕೊನೆಯ ಕರೆ ಅಂತ ಗೊತ್ತಿಲ್ಲ. ಮೂವರೂ ವೇಷ ಬದಲಿಸಿ ಕೆನಡಾ ಕಡೆಯ ರೈಲು ಹತ್ತುತ್ತಾರೆ. ಬೇರೆ ಬೇರೆ ಕಡೆ ಕೂರುತ್ತಾರೆ. ಗಡಿಯ ಹತ್ತಿರ ಪೊಲೀಸರು ಪಾಸ್‌ಪೋರ್ಟ್ ನೋಡಲು ಹತ್ತುತ್ತಾರೆ. ನಾನು ದಿಂಬನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಪೊಲೀಸರು ಇಳಿದರು. ಅಬ್ಬಾ ಅಂದುಕೊಂಡೆ. ರೈಲು ಹೊರಟಿತು. ಕಿಟಕಿಯಾಚೆ ಪ್ಲಾಟ್‌ಫಾರ್ಮಿನಲ್ಲಿ ಪೇಜ್ ಒಬ್ಬಳೇ ನಿಂತಿದ್ದಾಳೆ.

ಅತ್ತ ಕಡೆಯಿಂದ ಅಣ್ಣ ‘ಅಯ್ಯೋ’ ಅಂದದ್ದು ಫೋನಿನಲ್ಲಿ ಕೇಳಿಸಿತು.

ಎಲಿಜಬೆತ್ ಆಗಿ ಕೆರಿ ರಸೆಲ್ ಅಲ್ಲಿ ಕಿರುಚುವಂತಿಲ್ಲ. ಬೋಗಿಯ ತುಂಬ ಜನ. ಅವಳು ಆ ಹೊತ್ತಿನಲ್ಲಿ ಬೇರೆ ಯಾವುದೋ ಹೆಂಗಸು, ಅವಳಿಗೆ ಮಗಳೇ ಇಲ್ಲ. ಆರು ಸೀಸನ್ ಉದ್ದಕ್ಕೂ ವಿಗ್ ಹಾಕಿಕೊಂಡು ಎಷ್ಟು ಜನರಿಗೆ ಮೋಸ ಮಾಡಿದಳು ಅಲ್ವಾ? ಈಗ ಅದೇ ವೇಷದೊಳಗೆ ಅವಳ ಸಂಕಟ ಸಿಕ್ಕಿಹಾಕಿಕೊಂಡಿದೆ. ಯು2 ತಂಡದ 1987ರ ಹಾಡು ಆ ಹೊತ್ತಿಗೆ ಜೋರಾಗಿ ಏಳುತ್ತದೆ. ನಾನು ಆಮೇಲೊಮ್ಮೆ ಸುಮ್ನೆ ಸೌಂಡ್ ಪೂರ್ತಿ ತೆಗೆದು ಅದನ್ನು ನೋಡಿದೆ. ಹಾಡಿಲ್ಲದೆಯೂ ಅದು ಅಷ್ಟೇ ಇರಿಯುತ್ತದೆ. ಫಿಲಿಪ್ ಎದ್ದು ಬಂದು ಹೆಂಡತಿ ಪಕ್ಕ ಕೂರುತ್ತಾನೆ. ಒಂದು ಮಾತೂ ಇಲ್ಲ.

ಇವರಿಗೆ ಜೈಲಾಗಲಿಲ್ಲ, ಶಿಕ್ಷೆಯೇ ಆಗಲಿಲ್ಲ ಅಂತ ಬೇಜಾರಾದವರೂ ಇದ್ದಾರೆ. ನನಗೆ ಹಾಗೆ ಅನ್ನಿಸಲೇ ಇಲ್ಲ. ಮಕ್ಕಳಿಗಾಗಿ ಎಂದು ಹೇಳಿಕೊಂಡು ಮಾಡಿದ್ದೆಲ್ಲ ಕೊನೆಗೆ ಮಕ್ಕಳನ್ನೇ ಕಿತ್ತುಕೊಂಡಿತು. ಜೈಲಾದರೆ ಹೆನ್ರಿ ಒಂದು ದಿನ ನೋಡಲು ಬಂದಾನು. ಮಾಸ್ಕೋಗೆ ಅವನು ಬರುತ್ತಾನಾ?

ತಕರಾರು ಇಲ್ಲವೇ ಇಲ್ಲ ಅಂತಲ್ಲ. ಐದನೇ ಸೀಸನ್ ನಿಧಾನ, ಅದರಲ್ಲಿ ಫಿಲಿಪ್‌ಗೆ ಹಳೆಯ ಪ್ರೇಯಸಿಯಿಂದ ಹುಟ್ಟಿದ ಮಗ ಮೀಶಾ ಅಷ್ಟು ದೂರದಿಂದ ಬಂದು ಅಪ್ಪನನ್ನು ನೋಡದೆಯೇ ವಾಪಸ್ ಹೋಗುವುದನ್ನು ಕೊನೆಯಲ್ಲಿ ಮುಟ್ಟಲೇ ಇಲ್ಲ. ಸಂಚಿನ ಸುದ್ದಿ ತಲುಪಿಸಲು ಹೋಗಿ ಸಿಕ್ಕಿಬಿದ್ದ ಕೆಜಿಬಿಯ ಮಾಜಿ ಅಧಿಕಾರಿ ಓಲೆಗ್ ಜೈಲಿನಲ್ಲೇ ಉಳಿದುಬಿಟ್ಟ. ಸ್ಟ್ಯಾನ್ ಹೆಂಡತಿ ರೆನೇ ಕೂಡ ಗೂಢಚಾರಿಣಿಯಾ? ಫಿಲಿಪ್ ಗ್ಯಾರೇಜಿನಲ್ಲಿ ಆ ಅನುಮಾನ ಹೇಳಿ ಹೋಗುತ್ತಾನೆ. ಉತ್ತರ ಇಲ್ಲ. ಮೊದಲ ಸಲ ಇದು ಸಿಟ್ಟು ತರಿಸಿತ್ತು. ಈಗ ಸರಿ ಅನ್ನಿಸುತ್ತದೆ, ಏಕೆಂದರೆ ಇನ್ನು ಮುಂದೆ ಸ್ಟ್ಯಾನ್ ಆ ಮನೆಯಲ್ಲಿ ಹೀಗೆ ಗೊತ್ತಿಲ್ಲದೆಯೇ ಬದುಕಬೇಕು.

ಮಾಸ್ಕೋ ಕಾಣುವ ಜಾಗದಲ್ಲಿ ಗಂಡ ಹೆಂಡತಿ ಕಾರಿನಿಂದಿಳಿದು ನಿಲ್ಲುವುದರೊಂದಿಗೆ ಕಥೆ ಮುಗಿಯುತ್ತದೆ. ರೂಢಿಯಾಗುತ್ತದೆ ಎಂದು ಎಲಿಜಬೆತ್ ರಷ್ಯನ್ ಭಾಷೆಯಲ್ಲಿ ಹೇಳುತ್ತಾಳೆ. ಚೆನ್ನಾಗಿದೆ. ಆದರೆ ನನ್ನ ಮನಸ್ಸು ಅದಕ್ಕಿಂತ ಜಾಸ್ತಿ ನಿಲ್ಲುವುದು ಸ್ವಲ್ಪ ಹಿಂದಿನ ಒಂದು ಪುಟ್ಟ ದೃಶ್ಯದಲ್ಲಿ. ಹೆನ್ರಿ ಐಸ್ ಹಾಕಿ ಆಡುವ ಜಾಗಕ್ಕೆ ಸ್ಟ್ಯಾನ್ ಬಂದಿದ್ದಾನೆ. ಇಬ್ಬರೂ ಕೂತಿದ್ದಾರೆ. ಕ್ಯಾಮೆರಾ ದೂರದಲ್ಲಿದೆ, ಮಾತು ಕೇಳಿಸುವುದಿಲ್ಲ. ಹುಡುಗ ಕುಸಿಯುವುದು ಮಾತ್ರ ಕಾಣುತ್ತದೆ.

ಕಳೆದ ವಾರ ಅಣ್ಣ ಮತ್ತೆ ಫೋನ್ ಮಾಡಿದ್ದ. ಆ ದೃಶ್ಯವನ್ನು ಇನ್ನೊಮ್ಮೆ ನೋಡಿದನಂತೆ. ‘ಆ ಹುಡುಗನಿಗೆ ಹೇಳಲು ಯಾರಾದರೂ ಬೇಕಿತ್ತು ಅಲ್ವಾ’ ಅಂದ. ಗ್ಯಾರೇಜಿನ ವಿಷಯ ಆವತ್ತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.